2012 ಆರ್2ನಿಂದ 2022ಕ್ಕೆ: ಎಲ್ಲವನ್ನೂ ಫಾರ್ಮ್ಯಾಟ್ ಮಾಡಲೇಬೇಕಾ?

ಪ್ರಶ್ನೆ: ಸರ್, ನಾನು ಬೆಳಗಾವಿಯ ಒಂದು ಫೌಂಡ್ರಿಯಲ್ಲಿ ಐಟಿ ಕೆಲಸ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ನಾಲ್ಕು ಸರ್ವರ್‌ಗಳಿವೆ. ಮೊದಲನೆಯದು ವಿಂಡೋಸ್ ಸರ್ವರ್ 2012 ಆರ್2 ಸ್ಟ್ಯಾಂಡರ್ಡ್. ಡೊಮೈನ್ ಕಂಟ್ರೋಲರ್ (ಎಲ್ಲರ ಲಾಗಿನ್ ನೋಡಿಕೊಳ್ಳುವ ಸರ್ವರ್), ಫೈಲ್ ಸರ್ವರ್ ಎರಡೂ ಅದೇ. ಎರಡನೆಯದು 2016 ಸ್ಟ್ಯಾಂಡರ್ಡ್. ಅದರಲ್ಲಿ ಡೇಟಾಬೇಸ್ ಸಾಫ್ಟ್‌ವೇರ್ ಎಸ್‌ಕ್ಯೂಎಲ್ ಸರ್ವರ್ 2014 ಇದೆ, ಸಂಬಳದ ಸಾಫ್ಟ್‌ವೇರ್ ಅದರ ಮೇಲೆ ಓಡುತ್ತದೆ. ಮೂರನೆಯದು ವೆಂಡರ್ ಹಾಕಿಕೊಟ್ಟ 2019 ಡೇಟಾಸೆಂಟರ್. ಅದು ಹೈಪರ್-ವಿ ಹೋಸ್ಟ್, ಅಂದರೆ ತನ್ನೊಳಗೆ ವರ್ಚುವಲ್ ಯಂತ್ರಗಳನ್ನು (ವಿಎಂ) ಓಡಿಸುವ ಸರ್ವರ್. ಒಳಗೆ ಎರಡು ವಿಎಂ ಇವೆ. ಈಗ ಅದು ಗಂಟೆಗೊಮ್ಮೆ ತಾನಾಗಿಯೇ ಆಫ್ ಆಗುತ್ತಿದೆ. ನಾಲ್ಕನೆಯದು ಉಬುಂಟು (ಲಿನಕ್ಸ್) 18.04. ಮೂರೂ ವಿಂಡೋಸ್ ಯಂತ್ರಗಳಿಗೆಂದು ಮ್ಯಾನೇಜ್‌ಮೆಂಟ್ 2022 ಸ್ಟ್ಯಾಂಡರ್ಡ್ ಲೈಸೆನ್ಸ್ ಕೊಂಡಿದೆ. ಎಲ್ಲವನ್ನೂ ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕಬೇಕು ಎನ್ನುತ್ತಾರೆ ವೆಂಡರ್. ಇದ್ದ ಹಾಗೇ ಅಪ್‌ಗ್ರೇಡ್ ಮಾಡಲು ಆಗುವುದಿಲ್ಲವಾ? ಸ್ಟ್ಯಾಂಡರ್ಡ್ ಬೇಡ, ಡೇಟಾಸೆಂಟರ್‌ಗೇ ಹೋಗಿ ಎಂದು ಇನ್ನೊಬ್ಬರು ಹೇಳುತ್ತಾರೆ. ಏನು ಮಾಡಲಿ?

ಉತ್ತರ: ನಿಮ್ಮ ವೆಂಡರ್ ಹೇಳಿದ್ದು ಅರ್ಧ ಸರಿ. ಎರಡನೇ ಸರ್ವರ್ ಇದ್ದಲ್ಲೇ ಅಪ್‌ಗ್ರೇಡ್ ಆಗುತ್ತದೆ, ಅದನ್ನು ಫಾರ್ಮ್ಯಾಟ್ ಮಾಡುವ ಅಗತ್ಯವೇ ಇಲ್ಲ. ಮೂರನೆಯದನ್ನು ಹೊಸದಾಗಿ ಹಾಕದೆ ಬೇರೆ ದಾರಿಯಿಲ್ಲ. ಮೊದಲನೆಯದನ್ನು ಇದ್ದಲ್ಲೇ ಅಪ್‌ಗ್ರೇಡ್ ಮಾಡಬಹುದು. ಆದರೆ ನಾನಾಗಿದ್ದರೆ ಮಾಡುತ್ತಿರಲಿಲ್ಲ. ಯಾಕೆ ಅಂತ ಒಂದೊಂದಾಗಿ ಹೇಳುತ್ತೇನೆ. ಅದಕ್ಕೆ ಮೊದಲು ಎರಡು ಲೆಕ್ಕಗಳನ್ನು ಬೇರೆ ಬೇರೆ ಮಾಡಿಕೊಳ್ಳೋಣ. ಈ ವಿಷಯದಲ್ಲಿ ಗೊಂದಲ ಆಗುವುದೇ ಅವೆರಡನ್ನು ಕಲಸಿದಾಗ.

2012 ಆರ್2, 2016, 2019, 2022, 2025 ಇವೆಲ್ಲ ವರ್ಷನ್‌ಗಳು. ಸ್ಟ್ಯಾಂಡರ್ಡ್, ಡೇಟಾಸೆಂಟರ್, ಎಸೆನ್ಷಿಯಲ್ಸ್, ಇವ್ಯಾಲ್ಯುಯೇಶನ್ ಇವು ಎಡಿಷನ್‌ಗಳು. ಎರಡಕ್ಕೂ ನಿಯಮ ಬೇರೆ.

ವರ್ಷನ್ ವಿಷಯದಲ್ಲಿ, 2022ರವರೆಗೆ ಮೈಕ್ರೋಸಾಫ್ಟ್ ಇಟ್ಟಿರುವ ಮಿತಿ ಒಂದು ಸಲಕ್ಕೆ ಎರಡು ಹೆಜ್ಜೆ. 2016ರಿಂದ 2019ಕ್ಕೂ ಹೋಗಬಹುದು, ನೇರವಾಗಿ 2022ಕ್ಕೂ ಹೋಗಬಹುದು. 2012 ಆರ್2ನಿಂದ 2016 ಅಥವಾ 2019ರವರೆಗೆ ಮಾತ್ರ. ಅಲ್ಲಿಂದ 2022ಕ್ಕೆ ನೇರ ದಾರಿಯಿಲ್ಲ, ನಡುವೆ ಒಂದು ಕಡೆ ಇಳಿದು ಹತ್ತಬೇಕು. ಸರ್ವರ್ 2025 ಬಂದಾಗ ಈ ಮಿತಿಯನ್ನು ನಾಲ್ಕು ಹೆಜ್ಜೆಗೆ ಏರಿಸಿದರು. ಹಾಗಾಗಿ 2012 ಆರ್2ನಿಂದ ಸೀದಾ 2025ಕ್ಕೆ ಹಾರಬಹುದು, 2022ಕ್ಕೆ ಹಾರಲು ಆಗುವುದಿಲ್ಲ! ಕೇಳಲು ವಿಚಿತ್ರ ಅನಿಸುತ್ತದೆ, ಆದರೆ ಅದು ಹಾಗೇ ಇದೆ. ಫೇಲ್‌ಓವರ್ ಕ್ಲಸ್ಟರ್ ಇದ್ದವರಿಗೆ ಮಾತ್ರ ಒಂದು ಸಲಕ್ಕೆ ಒಂದೇ ಹೆಜ್ಜೆ. ನಿಮ್ಮಲ್ಲಿ ಕ್ಲಸ್ಟರ್ ಇಲ್ಲ, ಅದನ್ನು ಬಿಡಿ.

ಎಡಿಷನ್ ವಿಷಯದಲ್ಲಿ ಮೇಲೆ ಹೋಗಬಹುದು, ಕೆಳಗೆ ಬರಲು ಆಗುವುದಿಲ್ಲ. ಸ್ಟ್ಯಾಂಡರ್ಡ್ ಇದ್ದದ್ದು ಸ್ಟ್ಯಾಂಡರ್ಡ್ ಆಗಿಯೇ ಮುಂದಿನ ವರ್ಷನ್‌ಗೆ ಹೋಗಬಹುದು, ಬೇಕಾದರೆ ಡೇಟಾಸೆಂಟರ್ ಆಗಬಹುದು. ಡೇಟಾಸೆಂಟರ್ ಇದ್ದದ್ದು ಡೇಟಾಸೆಂಟರ್ ಆಗಿಯೇ ಇರಬೇಕು. ವರ್ಷನ್ ಬದಲಾಯಿಸದೆ ಸ್ಟ್ಯಾಂಡರ್ಡ್‌ನಿಂದ ಡೇಟಾಸೆಂಟರ್‌ಗೆ ಹೋಗುವುದು ತುಂಬಾ ಸುಲಭ. ಅಡ್ಮಿನ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ಡಿಸ್ಮ್ ಕಮಾಂಡ್‌ಗೆ ಸೆಟ್-ಎಡಿಷನ್ ಆಪ್ಷನ್ ಮತ್ತು ಹೊಸ ಕೀ ಕೊಟ್ಟರೆ ಆಯಿತು. ರೀಸ್ಟಾರ್ಟ್ ಆಗುತ್ತದೆ, ಸಾಫ್ಟ್‌ವೇರ್, ಡೇಟಾ ಎಲ್ಲ ಹಾಗೇ ಇರುತ್ತವೆ. ನಡುವೆ ಶೇ. 10ರ ಹತ್ತಿರ ತುಂಬಾ ಹೊತ್ತು ನಿಂತ ಹಾಗೆ ಕಂಡರೆ ಗಾಬರಿಯಾಗಿ ಪವರ್ ಬಟನ್ ಒತ್ತಬೇಡಿ.

ಡೇಟಾಸೆಂಟರ್‌ನಿಂದ ಸ್ಟ್ಯಾಂಡರ್ಡ್‌ಗೆ ಇಳಿಸಲು ಒಂದು ಕಳ್ಳದಾರಿ ಇಂಟರ್ನೆಟ್‌ನಲ್ಲಿ ಸಿಗುತ್ತದೆ. ರಿಜಿಸ್ಟ್ರಿಯಲ್ಲಿ ಎಡಿಷನ್ ಹೆಸರನ್ನು ತಿದ್ದಿ, ಸೆಟಪ್‌ಗೆ ಸುಳ್ಳು ಹೇಳಿ ಇನ್‌ಸ್ಟಾಲ್ ಮಾಡುವುದು. ಕೆಲವು ಸಲ ನಡೆದೂ ಬಿಡುತ್ತದೆ. ಆದರೆ ಇದಕ್ಕೆ ಮೈಕ್ರೋಸಾಫ್ಟ್ ಬೆಂಬಲ ಇಲ್ಲ. ಆಮೇಲೆ ಯಾವುದೋ ಅಪ್‌ಡೇಟ್ ಹತ್ತಲಿಲ್ಲ ಎಂದರೆ ಕೇಳುವವರಿಲ್ಲ. ಮನೆಯ ಟೆಸ್ಟ್ ಯಂತ್ರದಲ್ಲಿ ಆಟ ಆಡಿ ನೋಡಿ, ಕಾರ್ಖಾನೆಯಲ್ಲಿ ಬೇಡ.

ವರ್ಷನ್ ಕೂಡ ಹಿಂದಕ್ಕೆ ಬರುವುದಿಲ್ಲ ಅನ್ನುವುದನ್ನು ಹಲವರು 2024ರ ನವೆಂಬರ್‌ನಲ್ಲಿ ಕಲಿತರು. ಸರ್ವರ್ 2025 ಬಿಡುಗಡೆಯಾದ ಆ ದಿನಗಳಲ್ಲಿ ಕೆಲವು ಕಂಪನಿಗಳ 2019 ಮತ್ತು 2022 ಸರ್ವರ್‌ಗಳು ಯಾರೂ ಕೇಳದೆಯೇ 2025 ಆಗಿಬಿಟ್ಟಿದ್ದವು. ಬೇರೆ ಕಂಪನಿಗಳ ಪ್ಯಾಚ್ ಹಾಕುವ ಸಾಫ್ಟ್‌ವೇರ್‌ಗಳು ಆ ಅಪ್‌ಗ್ರೇಡನ್ನು ಮಾಮೂಲಿ ಅಪ್‌ಡೇಟ್ ಅಂದುಕೊಂಡು ಹಾಕಿದ್ದೇ ಕಾರಣ. ಅವರ ಹತ್ತಿರ 2025ರ ಲೈಸೆನ್ಸ್ ಇರಲಿಲ್ಲ. ವಾಪಸ್ ಬರಲು ಬ್ಯಾಕಪ್ ಬಿಟ್ಟರೆ ಬೇರೆ ದಾರಿಯೂ ಇರಲಿಲ್ಲ. ನಿಮ್ಮಲ್ಲೂ ಅಂಥ ಪ್ಯಾಚ್ ಟೂಲ್ ಇದ್ದರೆ, ಸರ್ವರ್‌ಗಳಿಗೆ ಫೀಚರ್ ಅಪ್‌ಡೇಟ್ ತಾನಾಗಿ ಹಾಕದಂತೆ ಮಾಡಿದ್ದೀರಾ ಎಂದು ಇವತ್ತೇ ನೋಡಿ.

ಈಗ ನಿಮ್ಮ ಯಂತ್ರಗಳಿಗೆ ಬರೋಣ. ಮೊದಲು ಮೂರನೆಯದು, ಯಾಕೆಂದರೆ ಉಳಿದ ಕೆಲಸಕ್ಕೆಲ್ಲ ಅದೇ ಆಧಾರ.

ಗಂಟೆಗೊಮ್ಮೆ ಆಫ್ ಆಗುತ್ತಿದೆ ಎಂದಾಗಲೇ ಅರ್ಥವಾಯಿತು. ಅದು ಇವ್ಯಾಲ್ಯುಯೇಶನ್ ಕಾಪಿ. 180 ದಿನ ಪುಕ್ಕಟೆ ಓಡುತ್ತದೆ. ರೀಆರ್ಮ್ ಮಾಡಿ ಕೆಲವು ಸಲ ಮುಂದೂಡಬಹುದು. ಆಮೇಲೆ ಗಂಟೆಗೊಮ್ಮೆ ಶಟ್‌ಡೌನ್ ಆಗಲು ಶುರು. ಖಚಿತ ಮಾಡಿಕೊಳ್ಳಲು ಡಿಸ್ಮ್‌ನಲ್ಲಿ ಗೆಟ್-ಕರೆಂಟ್‌ಎಡಿಷನ್ ಕೊಟ್ಟು ನೋಡಿ. ಎಡಿಷನ್ ಹೆಸರಿನ ಕೊನೆಗೆ 'ಇವ್ಯಾಲ್' ಎಂದು ಅಂಟಿಕೊಂಡಿರುತ್ತದೆ. ಗೆಟ್-ಟಾರ್ಗೆಟ್‌ಎಡಿಷನ್ಸ್ ಕೊಟ್ಟರೆ ಅದು ಯಾವ ಯಾವ ಎಡಿಷನ್ ಆಗಬಲ್ಲದು ಎಂಬ ಪಟ್ಟಿ ಬರುತ್ತದೆ. ಇವ್ಯಾಲ್ಯುಯೇಶನ್ ಡೇಟಾಸೆಂಟರ್ ಆದರೆ ಅಲ್ಲಿ ಕಾಣುವುದು ಪೂರ್ಣ ಡೇಟಾಸೆಂಟರ್ ಮಾತ್ರ. ಇವ್ಯಾಲ್ಯುಯೇಶನ್ ಸ್ಟ್ಯಾಂಡರ್ಡ್ ಹಾಕಿದ್ದಿದ್ದರೆ ಎರಡರಲ್ಲಿ ಯಾವುದಕ್ಕೆ ಬೇಕಾದರೂ ಹೋಗಬಹುದಿತ್ತು. ದೊಡ್ಡದು ಇರಲಿ ಅಂತ ಡೇಟಾಸೆಂಟರ್ ಹಾಕಿದವರು ನಿಮ್ಮ ದಾರಿ ಮುಚ್ಚಿ ಹೋಗಿದ್ದಾರೆ. ನೀವು ಕೊಂಡಿರುವ ಸ್ಟ್ಯಾಂಡರ್ಡ್ ಕೀ ಅಲ್ಲಿ ಹತ್ತುವುದಿಲ್ಲ.

ಹಾಗಂತ ತಲೆ ಕೆಡಿಸಿಕೊಳ್ಳಬೇಡಿ. ಹೈಪರ್-ವಿ ಹೋಸ್ಟನ್ನು ಹೊಸದಾಗಿ ಹಾಕುವುದರಷ್ಟು ಸರಳ ಕೆಲಸ ಈ ಪಟ್ಟಿಯಲ್ಲೇ ಇನ್ನೊಂದಿಲ್ಲ. ಹೋಸ್ಟ್‌ನಲ್ಲಿ ನಿಮ್ಮ ಡೇಟಾ ಇಲ್ಲ, ಇರುವುದೆಲ್ಲ ವಿಎಂ ಒಳಗೆ. ಮೊದಲು ಎಸ್‌ಎಲ್‌ಎಂಜಿಆರ್ ಕಮಾಂಡ್‌ಗೆ ಡಿಎಲ್‌ವಿ ಎಂದು ಕೊಟ್ಟು ರೀಆರ್ಮ್ ಎಷ್ಟು ಉಳಿದಿದೆ ನೋಡಿ. ಒಂದು ಉಳಿದಿದ್ದರೂ ರೀಆರ್ಮ್ ಮಾಡಿ, ಶಟ್‌ಡೌನ್ ಕಾಟವಿಲ್ಲದೆ ಕೆಲಸ ಮಾಡಲು ಸಮಯ ಸಿಗುತ್ತದೆ. ಉಳಿದಿಲ್ಲದಿದ್ದರೆ ಗಂಟೆಯೊಳಗೆ ಮುಗಿಯುವ ತುಂಡು ತುಂಡಾಗಿ ಕೆಲಸ ಮಾಡಿಕೊಳ್ಳಬೇಕು. ಎರಡೂ ವಿಎಂಗಳನ್ನು ನಿಲ್ಲಿಸಿ. ಚೆಕ್‌ಪಾಯಿಂಟ್‌ಗಳಿದ್ದರೆ (ವಿಎಂನ ಹಿಂದಿನ ಸ್ಥಿತಿಯನ್ನು ಉಳಿಸಿಟ್ಟದ್ದು) ಡಿಲೀಟ್ ಮಾಡಿ, ಡಿಸ್ಕ್ ಫೈಲ್‌ಗಳು ಒಂದಾಗಿ ಬೆರೆಯುವವರೆಗೆ ಕಾಯಿರಿ. ಆಮೇಲೆ ಹೊರಗಿನ ಡಿಸ್ಕ್‌ಗೆ ಎಕ್ಸ್‌ಪೋರ್ಟ್ ಮಾಡಿ. ವರ್ಚುವಲ್ ಸ್ವಿಚ್‌ನ ಹೆಸರು, ಯಾವ ನೆಟ್‌ವರ್ಕ್ ಪೋರ್ಟ್‌ಗೆ ಕಟ್ಟಿದೆ, ವಿಲ್ಯಾನ್ ನಂಬರ್ ಇವನ್ನೆಲ್ಲ ಬರೆದಿಟ್ಟುಕೊಳ್ಳಿ. ಎಕ್ಸ್‌ಪೋರ್ಟ್ ಆದದ್ದನ್ನು ಬೇರೆ ಯಾವುದಾದರೂ ಯಂತ್ರದಲ್ಲಿ ಇಂಪೋರ್ಟ್ ಮಾಡಿ, ಬೂಟ್ ಆಗುತ್ತದಾ ನೋಡಿ. ಅದನ್ನು ನೋಡದೆ ಹೋಸ್ಟ್‌ಗೆ ಕೈ ಹಚ್ಚಬೇಡಿ.

2022 ಸ್ಟ್ಯಾಂಡರ್ಡ್ ಹಾಕಿ, ಹೈಪರ್-ವಿ ರೋಲ್ ಸೇರಿಸಿ, ಅದೇ ಹೆಸರಿನ ಸ್ವಿಚ್ ಮಾಡಿ ಇಂಪೋರ್ಟ್ ಮಾಡಿದರೆ ವಿಎಂಗಳು ಎದ್ದು ನಿಲ್ಲುತ್ತವೆ. ಪ್ರತಿ ವಿಎಂಗೂ ಒಂದು ಕಾನ್ಫಿಗರೇಶನ್ ವರ್ಷನ್ ಇರುತ್ತದೆ. 2019ರಲ್ಲಿ ಮಾಡಿದ್ದು 9.0, 2022ರಲ್ಲಿ ಮಾಡಿದ್ದು 10.0. ಹಳೆಯ 9.0 ಇದ್ದರೂ 2022ರ ಮೇಲೆ ಚೆನ್ನಾಗಿಯೇ ಓಡುತ್ತದೆ. ಅಪ್‌ಡೇಟ್ ಮಾಡಿ ಅಂತ ಮೆನುವಿನಲ್ಲಿ ಆಸೆ ತೋರಿಸುತ್ತದೆ. ಅದನ್ನು ಒತ್ತಿದರೆ ಆ ವಿಎಂ ಮತ್ತೆ 2019ರ ಹೋಸ್ಟ್ ಮೇಲೆ ಓಡುವುದಿಲ್ಲ. ಎಲ್ಲ ಸರಿಯಿದೆ ಅಂತ ಕೆಲವು ವಾರ ಓಡಿಸಿ ನೋಡಿದ ಮೇಲೆ ಒತ್ತಿದರೆ ಸಾಕು.

ಇವ್ಯಾಲ್ಯುಯೇಶನ್ ಬಗ್ಗೆ ಇನ್ನೊಂದು ಮಾತು. ಆ ಎರಡು ವಿಎಂಗಳ ಒಳಗೆ ಏನಿದೆ ಎಂದು ನೀವು ಬರೆದಿಲ್ಲ. ಅಲ್ಲಿಯೂ ವಿಂಡೋಸ್ ಸರ್ವರ್ ಇದ್ದರೆ, ಒಳಗೆ ಹೋಗಿ ಅದೇ ಡಿಸ್ಮ್ ಕಮಾಂಡ್ ಕೊಟ್ಟು ನೋಡಿ. ಹೋಸ್ಟ್‌ಗೆ ಇವ್ಯಾಲ್ಯುಯೇಶನ್ ಹಾಕಿದವರು ವಿಎಂಗಳಿಗೂ ಅದೇ ಐಎಸ್‌ಒ (ಇನ್‌ಸ್ಟಾಲ್ ಡಿಸ್ಕ್‌ನ ಫೈಲ್) ಹಾಕಿರುವ ಸಾಧ್ಯತೆ ಜಾಸ್ತಿ. ಅವುಗಳಲ್ಲಿ ಒಂದು ಡೊಮೈನ್ ಕಂಟ್ರೋಲರ್ ಆಗಿದ್ದರೆ ಕೀ ಹಾಕಿ ಪೂರ್ಣ ಎಡಿಷನ್ ಮಾಡಲು ಆಗುವುದಿಲ್ಲ. ಮೊದಲು ಬೇರೆ ಡೊಮೈನ್ ಕಂಟ್ರೋಲರ್ ನಿಲ್ಲಿಸಿ, ಇದರಿಂದ ಆ ರೋಲ್ ತೆಗೆಯಬೇಕು. ಆಮೇಲೆ ಎಡಿಷನ್ ಬದಲಾಯಿಸಬೇಕು.

ಇನ್ನು ಎರಡನೇ ಸರ್ವರ್. 2016 ಸ್ಟ್ಯಾಂಡರ್ಡ್‌ನಿಂದ 2022 ಸ್ಟ್ಯಾಂಡರ್ಡ್‌ಗೆ ನೇರ ದಾರಿಯಿದೆ. ವಿಂಡೋಸ್‌ನಿಂದ ಇಲ್ಲಿ ತೊಂದರೆಯಿಲ್ಲ, ಅಡ್ಡಿ ಇರುವುದು ಎಸ್‌ಕ್ಯೂಎಲ್ ಸರ್ವರ್ 2014ರಲ್ಲಿ. ಅದರ ಬೆಂಬಲ 2024ರ ಜುಲೈ 9ಕ್ಕೆ ಮುಗಿದಿದೆ, ಸರ್ವರ್ 2022ರ ಮೇಲೆ ಅದನ್ನು ಓಡಿಸಲು ಮೈಕ್ರೋಸಾಫ್ಟ್ ಒಪ್ಪುವುದೂ ಇಲ್ಲ. ಹಾಗಾಗಿ ಮೊದಲು ಎಸ್‌ಕ್ಯೂಎಲ್, ಆಮೇಲೆ ವಿಂಡೋಸ್. 2014ಕ್ಕೆ ಸರ್ವಿಸ್ ಪ್ಯಾಕ್ 3 ಹಾಕಿ. ಇನ್ನೂ 2016ರ ವಿಂಡೋಸ್ ಮೇಲಿರುವಾಗಲೇ ಎಸ್‌ಕ್ಯೂಎಲ್ ಅನ್ನು 2019 ಅಥವಾ 2022ಕ್ಕೆ ಏರಿಸಿ. ಎರಡೂ 2016ರ ವಿಂಡೋಸ್ ಮೇಲೆ ಓಡುತ್ತವೆ. ಎಸ್‌ಕ್ಯೂಎಲ್‌ಗೂ ಹೊಸ ಲೈಸೆನ್ಸ್ ಬೇಕಾಗುತ್ತದೆ, ಎಕ್ಸ್‌ಪ್ರೆಸ್ ಎಡಿಷನ್ ಆದರೆ ಪುಕ್ಕಟೆ. ಸಂಬಳದ ಸಾಫ್ಟ್‌ವೇರ್ ಮಾಡಿದವರಿಗೆ ಫೋನ್ ಮಾಡಿ, ಯಾವ ಎಸ್‌ಕ್ಯೂಎಲ್ ವರ್ಷನ್ ಒಪ್ಪುತ್ತದೆ ಎಂದು ಕೇಳಿ, ಉತ್ತರವನ್ನು ಈಮೇಲ್‌ನಲ್ಲಿ ತರಿಸಿಕೊಳ್ಳಿ. ಬಾಯಿಮಾತಿನ 'ಆಗುತ್ತೆ ಸರ್' ಸಾಲದು.

ದಿನ ಯಾವುದು ಎನ್ನುವುದೂ ಮುಖ್ಯ. ಸಂಬಳ ಹಾಕಿ ಮುಗಿದ ಮರುವಾರದ ಭಾನುವಾರ ಸರಿ. ತಿಂಗಳ ಕೊನೆಯ ವಾರ ಈ ಯಂತ್ರದ ಹತ್ತಿರವೂ ಸುಳಿಯಬೇಡಿ.

ಅಪ್‌ಗ್ರೇಡ್ ಮಾಡುವಾಗ ಹೆಚ್ಚಿನವರು ಎಡವುವುದು ಒಂದೇ ಪರದೆಯಲ್ಲಿ. ವಿಂಡೋಸ್ ಓಡುತ್ತಿರುವಾಗಲೇ ಐಎಸ್‌ಒ ಮೌಂಟ್ ಮಾಡಿ ಸೆಟಪ್ ಚಾಲೂ ಮಾಡಬೇಕು. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದರೆ ಅಪ್‌ಗ್ರೇಡ್ ಆಗುವುದಿಲ್ಲ. ಸೆಟಪ್‌ನಲ್ಲಿ ಯಾವುದು ಹಾಕಬೇಕು ಎಂದು ನಾಲ್ಕು ಸಾಲು ಬರುತ್ತವೆ: ಸ್ಟ್ಯಾಂಡರ್ಡ್; ಸ್ಟ್ಯಾಂಡರ್ಡ್ (ಡೆಸ್ಕ್‌ಟಾಪ್ ಎಕ್ಸ್‌ಪೀರಿಯನ್ಸ್); ಡೇಟಾಸೆಂಟರ್; ಡೇಟಾಸೆಂಟರ್ (ಡೆಸ್ಕ್‌ಟಾಪ್ ಎಕ್ಸ್‌ಪೀರಿಯನ್ಸ್). ಬರೀ ಸ್ಟ್ಯಾಂಡರ್ಡ್ ಎಂದಿರುವುದು ಸರ್ವರ್ ಕೋರ್. ಅದರಲ್ಲಿ ಸ್ಟಾರ್ಟ್ ಮೆನು ಇಲ್ಲ, ಡೆಸ್ಕ್‌ಟಾಪ್ ಇಲ್ಲ, ಕಪ್ಪು ಕಮಾಂಡ್ ಕಿಟಕಿ ಮಾತ್ರ. ನಿಮ್ಮ ಈಗಿನ ಯಂತ್ರದಲ್ಲಿ ಡೆಸ್ಕ್‌ಟಾಪ್ ಇದೆ. ಹಾಗಾಗಿ ಎರಡನೇ ಸಾಲನ್ನೇ ಆರಿಸಬೇಕು. ಮೊದಲ ಸಾಲು ಆರಿಸಿದರೆ ಮುಂದಿನ ಪರದೆಯಲ್ಲಿ 'ಫೈಲ್, ಸೆಟ್ಟಿಂಗ್, ಆ್ಯಪ್‌ಗಳನ್ನು ಉಳಿಸಿಕೊಳ್ಳಿ' ಎಂಬ ಆಯ್ಕೆ ಮಂಕಾಗಿ, ಒತ್ತಲು ಬಾರದಂತೆ ಕಾಣುತ್ತದೆ. 2012 ಆರ್2 ಕಾಲದಲ್ಲಿ ಕೋರ್‌ನಿಂದ ಡೆಸ್ಕ್‌ಟಾಪ್‌ಗೆ, ಡೆಸ್ಕ್‌ಟಾಪ್‌ನಿಂದ ಕೋರ್‌ಗೆ ಬದಲಾಯಿಸಬಹುದಿತ್ತು. 2016ರಿಂದ ಆ ಸೌಲಭ್ಯ ಇಲ್ಲ.

ಆ ಆಯ್ಕೆ ಮಂಕಾಗಿ ಕಂಡರೆ ಅಲ್ಲಿಗೇ ನಿಲ್ಲಿಸಿ. ನೆಕ್ಸ್ಟ್ ಒತ್ತಬೇಡಿ. ಕಾರಣ ಸಾಮಾನ್ಯವಾಗಿ ನಾಲ್ಕರಲ್ಲಿ ಒಂದು. ಕೋರ್-ಡೆಸ್ಕ್‌ಟಾಪ್ ಅದಲುಬದಲಾಗಿರುತ್ತದೆ. ಇಲ್ಲವೇ ಡೇಟಾಸೆಂಟರ್ ಯಂತ್ರದಲ್ಲಿ ಸ್ಟ್ಯಾಂಡರ್ಡ್ ಆರಿಸಿರುತ್ತೀರಿ. ಇಲ್ಲವೇ ಐಎಸ್‌ಒ ಭಾಷೆ ಬೇರೆಯಾಗಿರುತ್ತದೆ. ಇಲ್ಲವೇ ಪುಕ್ಕಟೆ ಸಿಗುವ ಇವ್ಯಾಲ್ಯುಯೇಶನ್ ಐಎಸ್‌ಒ ಇಳಿಸಿಕೊಂಡಿರುತ್ತೀರಿ. ಕೊನೆಯದಂತೂ ತುಂಬಾ ಸಾಮಾನ್ಯ, ಯಾಕೆಂದರೆ ಹುಡುಕಿದಾಗ ಮೊದಲು ಸಿಗುವ ಲಿಂಕ್ ಅದೇ. ಲೈಸೆನ್ಸ್ ಕೊಂಡ ಪೋರ್ಟಲ್‌ನಿಂದಲೇ ಐಎಸ್‌ಒ ಇಳಿಸಿಕೊಳ್ಳಿ.

ಸೆಟಪ್ ಚಾಲೂ ಮಾಡುವ ಮೊದಲು ಆ್ಯಂಟಿವೈರಸ್ ತೆಗೆದುಹಾಕಿ, ಆಫ್ ಮಾಡಿದರೆ ಸಾಲದು. ನೆಟ್‌ವರ್ಕ್ ಕಾರ್ಡ್‌ಗಳ ಟೀಮಿಂಗ್ ಇದ್ದರೆ ಬಿಡಿಸಿ, ಮುಗಿದ ಮೇಲೆ ಮತ್ತೆ ಕಟ್ಟಿಕೊಳ್ಳಿ. ಬಾಕಿ ಇರುವ ರೀಸ್ಟಾರ್ಟ್ ಮುಗಿಸಿ. ಸಿ ಡ್ರೈವ್‌ನಲ್ಲಿ ಧಾರಾಳ ಜಾಗ ಇರಲಿ. ಐಪಿ ವಿಳಾಸದ ವಿವರಗಳನ್ನು ಒಂದು ಫೈಲ್‌ನಲ್ಲಿ ಇಟ್ಟುಕೊಳ್ಳಿ. ಅಪ್‌ಗ್ರೇಡ್ ಆದ ಮೇಲೆ ನೆಟ್‌ವರ್ಕ್ ಕಾರ್ಡನ್ನು ವಿಂಡೋಸ್ ಹೊಸದು ಅಂದುಕೊಂಡರೆ ಹಳೆಯ ಐಪಿ ಹೋಗಿಬಿಡುತ್ತದೆ. ಆಗ ರಿಮೋಟ್‌ನಲ್ಲಿ ಕೂತವರಿಗೆ ಯಂತ್ರವೇ ಸಿಗುವುದಿಲ್ಲ. ಈ ಕೆಲಸವನ್ನು ಮನೆಯಲ್ಲಿ ಕೂತು ಮಾಡಬೇಡಿ, ಸರ್ವರ್ ರೂಮಿಗೆ ಹೋಗಿ ಮಾಡಿ.

ಫೇಲ್ ಆದರೆ ಕಾರಣ ಹುಡುಕುವುದು ಎಲ್ಲಿ? ಸಿ ಡ್ರೈವ್‌ನಲ್ಲಿ ಸೆಟಪ್ ಮಾಡಿಕೊಳ್ಳುವ ಅಡಗಿದ ಫೋಲ್ಡರ್ ಒಳಗೆ ಪ್ಯಾಂಥರ್ ಎಂಬ ಫೋಲ್ಡರ್ ಇರುತ್ತದೆ. ಅದರಲ್ಲಿ ಸೆಟಪ್‌ಆ್ಯಕ್ಟ್, ಸೆಟಪ್‌ಎರ್ ಎಂಬ ಲಾಗ್ ಫೈಲ್‌ಗಳಿವೆ. ಕೊನೆಯ ಕೆಲವು ಸಾಲು ಓದಿದರೆ ಸಾಕು, ಯಾವ ಡ್ರೈವರ್ ಅಥವಾ ಸಾಫ್ಟ್‌ವೇರ್ ಅಡ್ಡ ಬಂತು ಎಂದು ಬಹುತೇಕ ಗೊತ್ತಾಗುತ್ತದೆ.

ಈಗ ಮೊದಲನೇ ಸರ್ವರ್. 2012 ಆರ್2ಗೆ ಬೆಂಬಲ ಮುಗಿದದ್ದು 2023ರ ಅಕ್ಟೋಬರ್ 10ಕ್ಕೆ. ದುಡ್ಡು ಕೊಟ್ಟು ಕೊಳ್ಳುವ ಹೆಚ್ಚುವರಿ ಸೆಕ್ಯುರಿಟಿ ಅಪ್‌ಡೇಟ್ ಕೂಡ 2026ರ ಅಕ್ಟೋಬರ್ 13ರವರೆಗೆ ಮಾತ್ರ. ಎರಡು ಹೆಜ್ಜೆಯಲ್ಲಿ, ಅಂದರೆ ಮೊದಲು 2019, ಆಮೇಲೆ 2022, ಹೀಗೆ ಇದ್ದಲ್ಲೇ ಏರಿಸಬಹುದು ಎಂದೆ. ಹಾಗೆ ಮಾಡಿದರೆ ಎರಡು ಸಲ ಡೌನ್‌ಟೈಮ್, ಎರಡು ಸಲ ಅಪಾಯ. ಡೊಮೈನ್ ಕಂಟ್ರೋಲರ್ ಆದ್ದರಿಂದ ಸೆಟಪ್‌ಗೂ ಮೊದಲು ಆ್ಯಡ್‌ಪ್ರೆಪ್ ಎಂಬ ಕಮಾಂಡನ್ನು ಕೈಯಾರೆ ಓಡಿಸಿ ಸ್ಕೀಮಾ (ಡೊಮೈನ್ ಮಾಹಿತಿಯ ಚೌಕಟ್ಟು) ಸಿದ್ಧ ಮಾಡಬೇಕು. ನಡುವೆ ಏನಾದರೂ ಕೆಟ್ಟರೆ ಇಡೀ ಫೌಂಡ್ರಿಯಲ್ಲಿ ಯಾರೂ ಲಾಗಿನ್ ಆಗಲಾರರು. ಯಾಕೆಂದರೆ ನೀವು ಬರೆದ ಪ್ರಕಾರ ನಿಮ್ಮಲ್ಲಿ ಇರುವುದು ಅದೊಂದೇ ಡೊಮೈನ್ ಕಂಟ್ರೋಲರ್. ಇಷ್ಟೆಲ್ಲ ಮಾಡಿ ಕೊನೆಗೆ ಸಿಗುವುದೇನು? ವಯಸ್ಸಾದ ಅದೇ ಹಾರ್ಡ್‌ವೇರ್, ಹತ್ತು ವರ್ಷದ ಕಸ ತುಂಬಿದ ಅದೇ ಇನ್‌ಸ್ಟಾಲೇಶನ್.

ನನ್ನ ದಾರಿ ಬೇರೆ. ಹೊಸದಾಗಿ ಹಾಕಿದ ಹೈಪರ್-ವಿ ಹೋಸ್ಟ್‌ನಲ್ಲಿ ಎರಡು ಹೊಸ ವಿಎಂ ಮಾಡಿ, ಎರಡಕ್ಕೂ 2022 ಸ್ಟ್ಯಾಂಡರ್ಡ್ ಹಾಕಿ. ಒಂದು ಡೊಮೈನ್ ಕಂಟ್ರೋಲರ್‌ಗೆ, ಇನ್ನೊಂದು ಫೈಲ್‌ಗಳಿಗೆ. ಮೊದಲನೆಯದನ್ನು ಡೊಮೈನ್‌ಗೆ ಸೇರಿಸಿ, ಆ್ಯಕ್ಟಿವ್ ಡೈರೆಕ್ಟರಿ ರೋಲ್ ಹಾಕಿ ಪ್ರಮೋಟ್ ಮಾಡಿ, ಅಂದರೆ ಡೊಮೈನ್ ಕಂಟ್ರೋಲರ್ ಆಗಿಸಿ. ಆ್ಯಡ್‌ಪ್ರೆಪ್ ಕೆಲಸವನ್ನು ಆ ವಿಜಾರ್ಡ್ ತಾನೇ ಮಾಡಿಕೊಳ್ಳುತ್ತದೆ. ಹಳೆಯದೂ ಹೊಸದೂ ಒಟ್ಟಿಗೆ ಓಡುತ್ತಿರುತ್ತವೆ. ತಪ್ಪಾದರೆ ಹೊಸದನ್ನು ತೆಗೆದು ಮತ್ತೆ ಮಾಡಬಹುದು. ಕೆಲಸಗಾರರಿಗೆ ಗೊತ್ತೂ ಆಗುವುದಿಲ್ಲ.

ಪ್ರಮೋಟ್ ಮಾಡುವ ಮೊದಲು ಒಂದನ್ನು ಮಾತ್ರ ನೋಡಲೇಬೇಕು. ಹಳೆಯ ಸರ್ವರ್‌ನಲ್ಲಿ ಡಿಎಫ್‌ಎಸ್‌ಆರ್‌ಮಿಗ್ ಕಮಾಂಡ್‌ಗೆ ಗೆಟ್‌ಗ್ಲೋಬಲ್‌ಸ್ಟೇಟ್ ಎಂದು ಕೊಡಿ. 'ಎಲಿಮಿನೇಟೆಡ್' ಎಂದು ಬಂದರೆ ಒಳ್ಳೆಯದು. ಬೇರೇನಾದರೂ ಬಂದರೆ, ನಿಮ್ಮ ಡೊಮೈನ್ ಹುಟ್ಟಿದ್ದು ಸರ್ವರ್ 2003ರ ಕಾಲದಲ್ಲಿ ಇರಬಹುದು. ಡೊಮೈನ್ ಕಂಟ್ರೋಲರ್‌ಗಳು ಹಂಚಿಕೊಳ್ಳುವ ಅದರ ಸಿಸ್‌ವಾಲ್ ಫೋಲ್ಡರ್ ಇನ್ನೂ ಎಫ್‌ಆರ್‌ಎಸ್ ಎಂಬ ಹಳೆಯ ವಿಧಾನದಲ್ಲೇ ಕಾಪಿ ಆಗುತ್ತಿದೆ ಎಂದರ್ಥ. 2019ರಿಂದ ಮುಂದಿನ ಸರ್ವರ್‌ಗಳಲ್ಲಿ ಎಫ್‌ಆರ್‌ಎಸ್ ಇಲ್ಲವೇ ಇಲ್ಲ, ಪ್ರಮೋಟ್ ಮಾಡಲು ಹೋದರೆ ಎರರ್ ಬರುತ್ತದೆ. ಅದೇ ಡಿಎಫ್‌ಎಸ್‌ಆರ್‌ಮಿಗ್‌ನಿಂದ ಹಂತ ಹಂತವಾಗಿ ಹೊಸ ವಿಧಾನಕ್ಕೆ ತಂದು, ಆಮೇಲೆ ಮುಂದುವರಿಯಿರಿ.

ಇಲ್ಲಿ 2025ರ ಬಗ್ಗೆ ಹೇಳಿದ ಮಾತಿಗೆ ಒಂದು ತಿದ್ದುಪಡಿ ಬೇಕು. 2012 ಆರ್2ನಿಂದ ಸೀದಾ 2025ಕ್ಕೆ ಹೋಗಬಹುದು ಎಂದೆನಲ್ಲ, ಅದು ಸಾಧಾರಣ ಸರ್ವರ್‌ಗೆ ಮಾತ್ರ ಉಪಯೋಗ. 2025 ಡೊಮೈನ್ ಕಂಟ್ರೋಲರ್ ಆಗಬೇಕಾದರೆ ಡೊಮೈನ್‌ನ ಫಂಕ್ಷನಲ್ ಲೆವೆಲ್ (ಡೊಮೈನ್ ಯಾವ ವರ್ಷನ್‌ನ ಮಟ್ಟದಲ್ಲಿ ಓಡುತ್ತಿದೆ ಎಂಬುದು) ಕನಿಷ್ಠ 2016 ಇರಬೇಕು. 2012 ಆರ್2 ಡೊಮೈನ್ ಕಂಟ್ರೋಲರ್ ಒಂದು ಇದ್ದರೂ ಆ ಲೆವೆಲ್‌ಗೆ ಏರಿಸಲು ಆಗುವುದಿಲ್ಲ. ಅಂದರೆ ಪಟ್ಟಿಯಲ್ಲಿ ದಾರಿ ಇದೆ, ನಿಮ್ಮ ಯಂತ್ರ ಆ ದಾರಿಯಲ್ಲಿ ಹೋಗಲಾರದು. ಬಸ್ ಇದೆ, ನಿಮ್ಮ ಸ್ಟಾಪ್‌ನಲ್ಲಿ ನಿಲ್ಲುವುದಿಲ್ಲ ಅಂದ ಹಾಗೆ. 2022ಕ್ಕೆ 2008ರ ಲೆವೆಲ್ ಇದ್ದರೂ ಸಾಕು. ಹಾಗಾಗಿ ಮ್ಯಾನೇಜ್‌ಮೆಂಟ್ 2022 ಕೊಂಡದ್ದು ನಿಮ್ಮ ಪಾಲಿಗೆ ಒಳ್ಳೆಯದೇ ಆಯಿತು. ಅದರ ಸೆಕ್ಯುರಿಟಿ ಅಪ್‌ಡೇಟ್‌ಗಳು 2031ರ ಅಕ್ಟೋಬರ್‌ವರೆಗೆ ಬರುತ್ತವೆ.

ಹೊಸ ಡೊಮೈನ್ ಕಂಟ್ರೋಲರ್ ಎದ್ದ ಮೇಲೆ ಡಿಸಿಡಯಾಗ್ ಮತ್ತು ರೆಪ್‌ಅಡ್ಮಿನ್ ಎಂಬ ತಪಾಸಣೆ ಕಮಾಂಡ್‌ಗಳನ್ನು ಓಡಿಸಿ, ಎರರ್ ಇಲ್ಲ ಎಂದು ನೋಡಿ. ಐದು ಎಫ್‌ಎಸ್‌ಎಂಒ ರೋಲ್‌ಗಳನ್ನು (ಒಂದು ಸಲಕ್ಕೆ ಒಂದೇ ಡೊಮೈನ್ ಕಂಟ್ರೋಲರ್ ಮಾಡುವ ಕೆಲಸಗಳು) ಹೊಸದಕ್ಕೆ ದಾಟಿಸಿ. ಗಡಿಯಾರದ ಸಮಯವನ್ನು ಹೊರಗಿನ ಎನ್‌ಟಿಪಿ ಸರ್ವರ್‌ನಿಂದ ತೆಗೆದುಕೊಳ್ಳುವಂತೆ ಹೊಸದಕ್ಕೆ ಹೇಳಿ, ಇದನ್ನು ಮರೆಯುವವರು ಬಹಳ. ವಿಎಂ ತನ್ನ ಸಮಯವನ್ನು ಹೋಸ್ಟ್‌ನಿಂದ, ಹೋಸ್ಟ್ ತನ್ನ ಸಮಯವನ್ನು ಡೊಮೈನ್ ಕಂಟ್ರೋಲರ್ ವಿಎಂನಿಂದ ತೆಗೆದುಕೊಂಡರೆ ಇಬ್ಬರೂ ಸೇರಿ ದಾರಿ ತಪ್ಪುತ್ತಾರೆ. ಡಿಎಚ್‌ಸಿಪಿಯಲ್ಲಿ ಡಿಎನ್‌ಎಸ್ ವಿಳಾಸ ಬದಲಾಯಿಸಿ. ಕಾರ್ಖಾನೆಗಳಲ್ಲಿ ಇನ್ನೊಂದು ಕಷ್ಟ ಇದೆ. ಪ್ರಿಂಟರ್, ಹಾಜರಿ ಯಂತ್ರ, ಸಿಎನ್‌ಸಿ ಪಕ್ಕದ ಹಳೆಯ ಪಿಸಿ ಇವುಗಳಲ್ಲಿ ಡಿಎನ್‌ಎಸ್ ವಿಳಾಸವನ್ನು ಯಾರೋ ಯಾವಾಗಲೋ ಕೈಯಾರೆ ಬರೆದಿರುತ್ತಾರೆ. ಎಲ್ಲವನ್ನೂ ಹುಡುಕುವ ಬದಲು, ಹಳೆಯ ಸರ್ವರ್ ತೆಗೆದ ಮೇಲೆ ಅದರ ಐಪಿಯನ್ನೇ ಹೊಸ ಡೊಮೈನ್ ಕಂಟ್ರೋಲರ್‌ಗೆ ಕೊಟ್ಟುಬಿಡಿ.

ಫೈಲ್‌ಗಳಿಗೆ ರೋಬೊಕಾಪಿ ಸಾಕು. ಪರ್ಮಿಷನ್‌ಗಳೂ ಬರುವಂತೆ ಕಾಪಿಆಲ್ ಆಪ್ಷನ್ ಹಾಕಿ. ಒಂದು ವಾರ ಮೊದಲೇ ಒಂದು ಸಲ ಪೂರ್ತಿ ಓಡಿಸಿ. ಆಮೇಲೆ ದಿನಾ ರಾತ್ರಿ ಓಡಿಸಿದರೆ ಬದಲಾದ ಫೈಲ್‌ಗಳು ಮಾತ್ರ ಹೋಗುತ್ತವೆ. ಕೊನೆಯ ದಿನ ಶೇರ್ ಮುಚ್ಚಿ, ಮಿರರ್ ಆಪ್ಷನ್‌ನೊಂದಿಗೆ ಕೊನೆಯ ಸುತ್ತು. ಮಿರರ್ ಆಪ್ಷನ್ ಹಾಕುವಾಗ ಮೂಲ ಯಾವುದು, ಗುರಿ ಯಾವುದು ಎಂದು ಎರಡು ಸಲ ಓದಿ. ಉಲ್ಟಾ ಬರೆದರೆ ಖಾಲಿ ಫೋಲ್ಡರ್ ನಿಮ್ಮ ಪ್ಯಾಟರ್ನ್ ಡ್ರಾಯಿಂಗ್‌ಗಳನ್ನೆಲ್ಲ ಅಳಿಸಿಹಾಕುತ್ತದೆ. ಎಕ್ಸೆಲ್ ಲಿಂಕ್‌ಗಳಲ್ಲಿ, ಶಾರ್ಟ್‌ಕಟ್‌ಗಳಲ್ಲಿ ಹಳೆಯ ಸರ್ವರ್‌ನ ಹೆಸರು ಕೂತಿರುತ್ತದೆ. ಹಳೆಯದನ್ನು ಡಿಮೋಟ್ ಮಾಡಿ, ಡೊಮೈನ್‌ನಿಂದ ಹೊರಗೆ ತೆಗೆದ ಮೇಲೆ, ಅದೇ ಹೆಸರನ್ನು ಹೊಸ ಫೈಲ್ ಸರ್ವರ್ ವಿಎಂಗೆ ಇಟ್ಟರೆ ಯಾರ ಶಾರ್ಟ್‌ಕಟ್ಟೂ ಕೆಡುವುದಿಲ್ಲ.

ಈಗ ಲೈಸೆನ್ಸ್ ಲೆಕ್ಕ, ಇದರಲ್ಲಿ ನಿಮಗೆ ಲಾಭ ಇದೆ. ಒಂದು ಯಂತ್ರದ ಎಲ್ಲ ಕೋರ್‌ಗಳಿಗೂ ಸ್ಟ್ಯಾಂಡರ್ಡ್ ಲೈಸೆನ್ಸ್ ಕೊಟ್ಟರೆ ಅದರ ಮೇಲೆ ಎರಡು ವಿಂಡೋಸ್ ಸರ್ವರ್ ವಿಎಂ ಓಡಿಸಬಹುದು. ಹೋಸ್ಟ್ ಸುಮ್ನೆ ಹೈಪರ್-ವಿ ಕೆಲಸ ಮಾತ್ರ ಮಾಡುತ್ತಿರಬೇಕು ಅಷ್ಟೆ. ನಾಲ್ಕು ವಿಎಂ ಬೇಕಾದರೆ ಅದೇ ಕೋರ್‌ಗಳಿಗೆ ಮತ್ತೊಂದು ಸಲ ಲೈಸೆನ್ಸ್ ಕೊಡಬೇಕು. ನಿಮ್ಮ ಹೋಸ್ಟ್‌ನಲ್ಲಿ ಈಗ ಎರಡು ವಿಎಂ, ನಾನು ಹೇಳಿದ್ದು ಸೇರಿ ನಾಲ್ಕು. ಮೊದಲನೇ ಸರ್ವರ್‌ಗೆಂದು ಕೊಂಡ ಲೈಸೆನ್ಸ್ ಇನ್ನೂ ಬಳಸಿಲ್ಲವಲ್ಲ, ಅದನ್ನು ಹೋಸ್ಟ್‌ಗೇ ಕೊಡಿ. ಹಳೆಯ ಯಂತ್ರ ಹೇಗೂ ಮೂಲೆಗೆ ಹೋಗುತ್ತದೆ. ಆದರೆ ಕೋರ್ ಎಣಿಸಿ ನೋಡಿ. ಪ್ರತಿ ಪ್ರೊಸೆಸರ್‌ಗೆ ಕನಿಷ್ಠ 8, ಪ್ರತಿ ಸರ್ವರ್‌ಗೆ ಕನಿಷ್ಠ 16 ಕೋರ್ ಲೈಸೆನ್ಸ್ ಬೇಕು. ಹೋಸ್ಟ್‌ನಲ್ಲಿ ತಲಾ 10 ಕೋರ್‌ನ ಎರಡು ಪ್ರೊಸೆಸರ್ ಇದ್ದರೆ ಒಟ್ಟು 20. ಆಗ 16ರ ಪ್ಯಾಕ್ ಒಂದೇ ಸಾಲದು, ಎರಡೂ ಸುತ್ತಿಗೆ ತಲಾ 4 ಕೋರ್ ಹೆಚ್ಚಿಗೆ ಕೊಳ್ಳಬೇಕಾಗುತ್ತದೆ. ಲೈಸೆನ್ಸ್ ಯಂತ್ರದ ಜೊತೆಗೇ ಬಂದ ಓಇಎಂ ಆಗಿದ್ದರೆ ಈ ಅದಲುಬದಲು ನಡೆಯುವುದಿಲ್ಲ, ಅದು ಆ ಹಾರ್ಡ್‌ವೇರ್‌ಗೇ ಅಂಟಿಕೊಂಡಿರುತ್ತದೆ.

ಡೇಟಾಸೆಂಟರ್ ಬೇಕಾ ಎಂದು ಕೇಳಿದ್ದೀರಿ. ಬೇಡ. 2022ರಲ್ಲಿ 16 ಕೋರ್‌ನ ಪಟ್ಟಿ ಬೆಲೆ ಸ್ಟ್ಯಾಂಡರ್ಡ್‌ಗೆ 1,069 ಡಾಲರ್, ಡೇಟಾಸೆಂಟರ್‌ಗೆ 6,155 ಡಾಲರ್ ಇತ್ತು. ಭಾಗಿಸಿದರೆ ಆರು ಪಟ್ಟಿಗೆ ಹತ್ತಿರ. ಅಂದರೆ ಒಂದೇ ಹೋಸ್ಟ್‌ನಲ್ಲಿ ಹತ್ತು ವಿಎಂ ದಾಟುವವರೆಗೆ ಸ್ಟ್ಯಾಂಡರ್ಡನ್ನೇ ಒಂದರ ಮೇಲೊಂದು ಕೊಳ್ಳುವುದು ಅಗ್ಗ. ಸ್ಟೋರೇಜ್ ಸ್ಪೇಸಸ್ ಡೈರೆಕ್ಟ್‌ನಂಥ ಕೆಲವು ಸೌಲಭ್ಯ ಡೇಟಾಸೆಂಟರ್‌ನಲ್ಲಿ ಮಾತ್ರ ಇವೆ. ಒಂದೇ ಹೋಸ್ಟ್ ಇರುವ ನಿಮಗೆ ಅವು ಉಪಯೋಗಕ್ಕೆ ಬರುವುದಿಲ್ಲ. ಮುಂದೆ ಬೇಕಾದರೆ ಒಂದು ಕಮಾಂಡ್‌ನಲ್ಲಿ ಮೇಲೇರಬಹುದು. ಇವತ್ತು ಡೇಟಾಸೆಂಟರ್ ಹಾಕಿಬಿಟ್ಟರೆ ಇಳಿಯಲು ಆಗುವುದಿಲ್ಲ. ಸ್ಟ್ಯಾಂಡರ್ಡ್‌ನಿಂದ ಶುರು ಮಾಡುವುದಕ್ಕೆ ಇದೂ ಒಂದು ಕಾರಣ. ಉಳಿದ ದುಡ್ಡಿನಲ್ಲಿ ಎರಡನೇ ಡೊಮೈನ್ ಕಂಟ್ರೋಲರ್‌ಗೆ ಒಂದು ಸಣ್ಣ ಸರ್ವರ್ ಕೇಳಿ. ಅದನ್ನೂ ಅದೇ ಹೋಸ್ಟ್‌ನಲ್ಲಿ ಇಟ್ಟರೆ ಹೋಸ್ಟ್ ಕೆಟ್ಟ ದಿನ ಎರಡೂ ಹೋಗುತ್ತವೆ.

ಮ್ಯಾನೇಜ್‌ಮೆಂಟ್‌ಗೆ ಬಹುಶಃ ಯಾರೂ ಹೇಳದೇ ಇದ್ದದ್ದು ಕ್ಯಾಲ್, ಅಂದರೆ ಕ್ಲೈಂಟ್ ಆ್ಯಕ್ಸೆಸ್ ಲೈಸೆನ್ಸ್. ಸರ್ವರ್ ಲೈಸೆನ್ಸ್ ಬೇರೆ, ಅದನ್ನು ಬಳಸುವ ಜನ ಅಥವಾ ಪಿಸಿಗಳಿಗೆ ಬೇಕಾದ ಕ್ಯಾಲ್ ಬೇರೆ. 2012ರ ಕ್ಯಾಲ್ ಇಟ್ಟುಕೊಂಡು 2022ರ ಸರ್ವರ್ ಬಳಸುವಂತಿಲ್ಲ. ಸರ್ವರ್ ಇದನ್ನು ತಡೆಯುವುದಿಲ್ಲ, ಆಡಿಟ್ ಬಂದಾಗ ಗೊತ್ತಾಗುತ್ತದೆ. ಮೂರು ಶಿಫ್ಟ್‌ನಲ್ಲಿ ಒಂದೇ ಪಿಸಿಯನ್ನು ಮೂವರು ಬಳಸುವ ಕಡೆ ಡಿವೈಸ್ ಕ್ಯಾಲ್ ಕೊಳ್ಳಿ, ಯೂಸರ್ ಕ್ಯಾಲ್ ಕೊಂಡರೆ ಸುಮ್ನೆ ಮೂರು ಪಟ್ಟು ಖರ್ಚು. ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಹಲವರು ಒಟ್ಟಿಗೆ ಕೆಲಸ ಮಾಡುವುದಾದರೆ ಅದಕ್ಕೆ ಇನ್ನೊಂದು ಬಗೆಯ ಕ್ಯಾಲ್. ಅದನ್ನು ಮಾತ್ರ ಸರ್ವರ್ ನಿಜವಾಗಿಯೂ ಎಣಿಸುತ್ತದೆ. 120 ದಿನ ಬಿಟ್ಟು, ಆಮೇಲೆ ಬಾಗಿಲು ಹಾಕುತ್ತದೆ.

ಕೊನೆಗೆ ಉಬುಂಟು. ಅಲ್ಲಿ ಎಡಿಷನ್ ತಲೆನೋವಿಲ್ಲ, ವರ್ಷನ್ ನಿಯಮ ಮಾತ್ರ ಕಟ್ಟುನಿಟ್ಟು. ಒಂದು ಎಲ್‌ಟಿಎಸ್‌ನಿಂದ (ದೀರ್ಘ ಕಾಲ ಬೆಂಬಲ ಸಿಗುವ ವರ್ಷನ್) ಮುಂದಿನ ಎಲ್‌ಟಿಎಸ್‌ಗೆ ಮಾತ್ರ. 18.04ರಿಂದ 20.04, ಅಲ್ಲಿಂದ 22.04, ಬೇಕಾದರೆ ಅಲ್ಲಿಂದ 24.04. ನಡುವಿನದನ್ನು ಬಿಟ್ಟು ಹಾರುವಂತಿಲ್ಲ. 18.04ರ ಮಾಮೂಲಿ ಬೆಂಬಲ 2023ರ ಮೇ ತಿಂಗಳಲ್ಲೇ ಮುಗಿದಿದೆ, 20.04ರದ್ದು 2025ರ ಮೇನಲ್ಲಿ. ಡು-ರಿಲೀಸ್-ಅಪ್‌ಗ್ರೇಡ್ ಕಮಾಂಡ್ ಓಡಿಸಿದಾಗ ಹೊರಗಿನ ರೆಪೊಸಿಟರಿಗಳನ್ನು ಅದು ಆಫ್ ಮಾಡುತ್ತದೆ. ಅವುಗಳ ಪಟ್ಟಿ ಮೊದಲೇ ಮಾಡಿಟ್ಟುಕೊಳ್ಳಿ. ಅದರಲ್ಲಿ ಓಡುತ್ತಿರುವುದು ಒಂದು ಸಣ್ಣ ವೆಬ್‌ಸೈಟ್ ಅಷ್ಟೇ ಆದರೆ ಮೂರು ಸಲ ಹತ್ತುವ ಕಷ್ಟ ಯಾಕೆ? ಹೋಸ್ಟ್‌ನಲ್ಲಿ 24.04ರ ಹೊಸ ವಿಎಂ ಮಾಡಿ ಸೈಟ್ ಅಲ್ಲಿಗೆ ಒಯ್ಯಿರಿ. ವಿಂಡೋಸ್ ಸ್ಟ್ಯಾಂಡರ್ಡ್‌ನ ಎರಡು ವಿಎಂ ಮಿತಿ ಲಿನಕ್ಸ್ ವಿಎಂಗಳಿಗೆ ಅನ್ವಯಿಸುವುದಿಲ್ಲ. ಆ ವಿಎಂಗೆ ಬೇಕಾಗುವುದು ಹೋಸ್ಟ್‌ನ ಒಂದಿಷ್ಟು ಮೆಮೊರಿ, ಡಿಸ್ಕ್ ಮಾತ್ರ.

ಕೆಲಸದ ಸರದಿ ಮೂರು, ಒಂದು, ಎರಡು, ನಾಲ್ಕು ಹೀಗಿರಲಿ. ಹಳೆಯ 2012 ಆರ್2 ಯಂತ್ರವನ್ನು ಡಿಮೋಟ್ ಮಾಡಿದ ಮೇಲೂ ಒಂದು ತಿಂಗಳು ಆಫ್ ಮಾಡಿ ಹಾಗೇ ಇಡಿ, ಡಿಸ್ಕ್ ಅಳಿಸಬೇಡಿ. ಆ ಎರಡು ವಿಎಂಗಳಲ್ಲಿ ಏನಿದೆ, ಹೋಸ್ಟ್‌ನಲ್ಲಿ ಎಷ್ಟು ಕೋರ್ ಇವೆ, ಲೈಸೆನ್ಸ್ ಓಇಎಂ ಹೌದಾ ಅಲ್ವಾ, ಈ ಮೂರನ್ನು ಬರೆದು ಕಳಿಸಿದರೆ ಕೊಳ್ಳಬೇಕಾದ ಪ್ಯಾಕ್‌ಗಳ ಲೆಕ್ಕವನ್ನು ಸರಿಯಾಗಿ ಹಾಕಿಕೊಡುತ್ತೇನೆ.